ಗುಳಿಗೆ ತಂದ ಮುಖ

ಹುನಗುಂದದ ಪೇಟೆಯ ಹಿಂದಿನ ಓಣಿಯಲ್ಲಿ ಶಂಕ್ರಪ್ಪನದೊಂದು ಹಿಟ್ಟಿನ ಗಿರಣಿ ಇತ್ತು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಗಿರಣಿ ನಡೆಯುವಷ್ಟು ಹೊತ್ತು ಅಡುಗೆಮನೆಯ ತಾಟು ಬಟ್ಟಲುಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಅವನ ಮೊದಲ ಹೆಂಡತಿ ಗುರುಲಿಂಗವ್ವ ಕಾಮಾಲೆಯಾಗಿ ತೀರಿಕೊಂಡ ಮರುವರ್ಷ ಅವಳ ತಂಗಿ ಸಂಗವ್ವನನ್ನೇ ಕೆರೂರಿನಿಂದ ತಂದು ಲಗ್ನ ಮಾಡಿದರು. ತಾಯಿಯಿಲ್ಲದ ಮಗಳು ನೀಲಾಳನ್ನು ಸ್ವಂತ ಚಿಗವ್ವನಿಗಿಂತ ಚೆನ್ನಾಗಿ ಇನ್ಯಾರು ನೋಡಿಕೊಂಡಾರು ಎಂದು ಎರಡೂ ಮನೆಯ ಹಿರಿಯರು ಮಾತಾಡಿಕೊಂಡಿದ್ದರು.

ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನೀಲಾ ಸಂಗವ್ವನ ಕೈಯಿಂದ ಊಟ ಮಾಡುತ್ತಿರಲಿಲ್ಲ, ತಲೆ ಬಾಚಿಸಿಕೊಳ್ಳುತ್ತಿರಲಿಲ್ಲ, ಅವಳು ಕೂತ ಚಾಪೆಯ ಮೇಲೆ ಕೂಡುತ್ತಲೂ ಇರಲಿಲ್ಲ. ಹಟ ಮಾಡುವ ಹುಡುಗಿಯಲ್ಲ ಅದು. ಅಪರಿಚಿತರ ಮನೆಗೆ ಬಂದವಳ ಹಾಗೆ ಗೋಡೆ ಹಿಡಿದು ನಡೆದು ಅಜ್ಜಿ ಸಿದ್ದವ್ವನ ಸೀರೆಯ ಹಿಂದೆ ಸೇರಿಕೊಳ್ಳುತ್ತಿತ್ತು.

ಅಕ್ಕ ತಂಗಿಯರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಯಾರಾದರೂ ಹೇಳಿದರೆ ಮಾತ್ರ ತಿಳಿಯಬೇಕು. ಗುರುಲಿಂಗವ್ವನದು ತುಂಬಿದ ದುಂಡು ಮುಖ, ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಒಡೆದ ದಪ್ಪ ದನಿ. ಸಂಗವ್ವ ಉದ್ದ ಮುಖದ ಬಡಕಲು ಹೆಂಗಸು. ಮಾತಾಡಿದರೆ ಸೂಜಿಯಂಥ ದನಿ.

ಲಗ್ನವಾದ ಮೇಲೆ ಸಿದ್ದವ್ವ ಹಿರಿಯ ಸೊಸೆಯ ಬುಗುಡಿಗಳನ್ನು ತೆಗೆದು ಸಂಗವ್ವನ ಕಿವಿಗಳ ಮೇಲ್ಭಾಗಕ್ಕೆ ಹಾಕಿದಳು. 1981ರ ಬೇಸಿಗೆಯಲ್ಲಿ ಆ ಕಿವಿಗಳಲ್ಲಿ ಒಂದು ಮೊದಲು ಕೆಂಪಾಯಿತು. ಬುಗುಡಿಯ ತೂತು ಕೀವಾಗಿರಬೇಕೆಂದು ತೆಗೆದು ಅರಿಸಿನ ಹಚ್ಚಿದರು. ಕೆಂಪು ಇಳಿಯಲಿಲ್ಲ. ಕಿವಿ ಬದನೆಯ ಬಣ್ಣಕ್ಕೆ ತಿರುಗಿ ದಿಂಬು ತಾಕಿದರೂ ಚೀರುವ ಹಾಗಾಯಿತು. ಒಂದು ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಿವಿ. ವಿಚಿತ್ರವೆಂದರೆ ಓಲೆ ಹಾಕುವ ಕೆಳಗಿನ ಮೆತ್ತನೆಯ ಭಾಗ ಮಾತ್ರ ಮೊದಲಿದ್ದ ಹಾಗೇ ಇತ್ತು. ಊರಿನ ಕಂಪೌಂಡರ ಕೊಟ್ಟ ಸೂಜಿಗಳಿಂದ ಏನೂ ಆಗಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಮೂಗಿನ ದಂಡೆ ನೋಯತೊಡಗಿತು. ಆಮೇಲೆ ದನಿ ಹೋಯಿತು.

ಹೋಗಿದ್ದು ಅವಳ ದನಿ. ಅದರ ಜಾಗಕ್ಕೆ ಬಂದದ್ದು ಬೇರೆ.

ಒಂದು ಮಧ್ಯಾಹ್ನ ಗಿರಣಿಯಲ್ಲಿ ಡಬ್ಬಿ ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು. ನಡುವೆಯೇ ಕರೆಂಟು ಹೋಯಿತು. ಗಿರಣಿಯ ಪಟ್ಟೆ ತಿರುಗಿ ತಿರುಗಿ ನಿಂತು, ಎಲ್ಲರ ಕಿವಿಯಲ್ಲೂ ಗುಂಯ್ ಅನ್ನುವ ಮೌನ ತುಂಬಿದ ಗಳಿಗೆಯಲ್ಲಿ ಮನೆಯೊಳಗಿಂದ ಕರೆ ಬಂತು.

"ನೀಲಾ, ಊಟಕ್ಕ ಬಾರವ್ವ."

ದಪ್ಪನೆಯ, ತುಸು ಒಡೆದ ದನಿ. ಶಂಕ್ರಪ್ಪನ ಕೈಯಲ್ಲಿದ್ದ ಜೋಳದ ಬುಟ್ಟಿ ಅಲ್ಲೇ ನಿಂತಿತು. ಹುಚ್ಚವ್ವ ಎಂಬ ಮುದುಕಿ ಸಾಲಿನಿಂದ ಎದ್ದು ನಿಂತು ಬಾಗಿಲ ಕಡೆ ನೋಡಿ, "ಗುರುಲಿಂಗಿ ದನಿ ಅಲ್ಲೇನಲೇ ತಮ್ಮಾ ಅದು?" ಎಂದಳು. ಓಣಿಯಲ್ಲಿ ಆಡುತ್ತಿದ್ದ ನೀಲಾ ಡಬ್ಬಿಗಳನ್ನು ಹಾರಿ ಓಡಿಬಂದು ಬಾಗಿಲಲ್ಲಿ ನಿಂತಳು. ಒಳಗೆ ಒಲೆಯ ಮುಂದೆ ಸಂಗವ್ವ ಇದ್ದಳು. ಹುಡುಗಿ ಅವಳನ್ನು ನೋಡಿತು, ಅವಳ ಹಿಂದಿನ ಮೂಲೆ ನೋಡಿತು, ಕಾಳು ತುಂಬಿಡುವ ಹಗೇವಿನ ಬಾಯಿಯತ್ತ ನೋಡಿತು. ಆಮೇಲೆ ಸದ್ದಿಲ್ಲದೆ ಅಳುತ್ತ ಹೊರಗೆ ಹೋಯಿತು.

ಸಂಗವ್ವನಿಗೆ ತನ್ನ ಗಂಟಲೊಳಗೆ ಯಾರೋ ಬಂದು ಕೂತ ಹಾಗೆ ಅನ್ನಿಸಿತು. ಅಂದಿನಿಂದ ಅವಳು ಮಾತು ಕಡಿಮೆ ಮಾಡಿದಳು.

ಅಷ್ಟರಲ್ಲಿ ಅವಳ ಮೂಗಿನ ನಡುಭಾಗ ಒಳಕ್ಕೆ ಕುಸಿಯತೊಡಗಿತ್ತು. ಮೂಗು ಕುಳಿತರೆ ಜನ ಅದಕ್ಕೆ ಒಂದೇ ಹೆಸರು ಇಡುತ್ತಾರೆ. ಆ ಹೆಸರು ಓಣಿಗೆ ಬೀಳುವ ಮೊದಲೇ ಶಂಕ್ರಪ್ಪ ಅವಳನ್ನು ಬಾಗಲಕೋಟೆಗೆ ಕರೆದೊಯ್ದ. ಹಳೇ ಪೇಟೆಯಲ್ಲಿ ಚರ್ಮದ ಡಾಕ್ಟರು ಜೋಹರಾ ಅವರ ದವಾಖಾನೆ ಇತ್ತು. ಊರ ಹೊರಗಿನ ವಿದ್ಯಾಗಿರಿಯಿಂದ ದಿನಾ ಬಂದು ಮಧ್ಯಾಹ್ನದವರೆಗೆ ಕೂಡುತ್ತಿದ್ದರು. ಕನ್ನಡಕ ಹಣೆಗೆ ಏರಿಸಿ ರೋಗಿಯ ಮುಖಕ್ಕೆ ಮುಖ ತಂದು ನೋಡುವುದು ಅವರ ರೀತಿ.

ಅವರು ಸಂಗವ್ವನ ಕಿವಿಯನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ಸೂಜಿಯಿಂದ ಬೆರಳು ಚುಚ್ಚಿ ನೋವಾಗುತ್ತದೆಯೇ ಎಂದು ಕೇಳಿದರು.

"ಕುಷ್ಠ ಅಲ್ರಿ ಇದು" ಎಂದರು ಶಂಕ್ರಪ್ಪನಿಗೆ. "ಕುಷ್ಠ ಆಗಿದ್ರ ಓಲಿ ಹಾಕೂ ಜಾಗಾನ ಮೊದಲು ದಪ್ಪ ಆಗತಿತ್ತು. ಇವರದು ಅದು ಛಲೋ ಐತಿ. ಮ್ಯಾಲಿನ ಗಟ್ಟಿ ಭಾಗ ಅಷ್ಟ ಸುಡಾಕತ್ತೈತಿ. ಅಲ್ಲಿ ಎಳೇ ಎಲುಬು ಇರತೈತಿ. ಮೂಗಿನ್ಯಾಗ, ಗಂಟಲದಾಗ ಇರೋದೂ ಅದ. ಮೈಯಾಗಿನ ಕಾವಲು ಅದನ್ನ ವೈರಿ ಅಂತ ತಿಳಕೊಂಡು ಸುಡತೈತಿ. ಭಾಳ ಅಪರೂಪದ ಬ್ಯಾನಿ. ನಾ ಪುಸ್ತಕದಾಗ ಓದೇನಿ, ಕಣ್ಣಿಲೆ ನೋಡಿದ್ದು ಇದ ಮೊದಲು."

"ಯಾರರ ಮಾಟ ಮಾಡಿಸಿದ್ದು..." ಎಂದು ಶಂಕ್ರಪ್ಪ ಮಾತು ಅರ್ಧಕ್ಕೆ ನಿಲ್ಲಿಸಿದ.

"ಯಾರೂ ಮಾಡಿಸಿಲ್ಲ. ಯಾರಿಗೂ ಅಂಟಂಗಿಲ್ಲ."

ಕಿವಿಯ ಸಣ್ಣ ಚೂರು ಹುಬ್ಬಳ್ಳಿಗೆ ಹೋಗಿ ಪರೀಕ್ಷೆಯಾಗಿ ಬಂದ ಮೇಲೆ ಜೋಹರಾ ಅವರು ಗಂಡ ಹೆಂಡಿರನ್ನು ಕೂರಿಸಿಕೊಂಡು ಇರುವ ದಾರಿಗಳನ್ನು ಬಿಡಿಸಿ ಹೇಳಿದರು. ಬೇನೆ ಕಿವಿಯಲ್ಲಷ್ಟೇ ಇದ್ದರೆ ನೋವಿನ ಗುಳಿಗೆಯೇ ಸಾಕಾಗುತ್ತಿತ್ತು. ಗಂಟಲಿಗೆ ಇಳಿದದ್ದರಿಂದ ಪ್ರೆಡ್ನಿಸೊಲೋನ್ ಎಂಬ ಗುಳಿಗೆ ಬೇಕೇ ಬೇಕು, ಇಲ್ಲದಿದ್ದರೆ ಉಸಿರಿನ ಕೊಳವೆಯೂ ಮೂಗಿನ ಹಾಗೆ ಕುಸಿದೀತು. ಅದನ್ನು ಬಹಳ ಕಾಲ ಹೆಚ್ಚು ಕೊಡುವಂತಿಲ್ಲ. ಮುಂದೆ ಡ್ಯಾಪ್ಸೋನ್ ಎಂಬ ಇನ್ನೊಂದನ್ನು ಸೇರಿಸಿ ಇದನ್ನು ಇಳಿಸಬಹುದು, ಪರದೇಶದಲ್ಲಿ ಕೆಲವರಿಗೆ ಹಾಗೆ ಗುಣ ಬಂದಿದೆ. ಅದೂ ಆಗದಿದ್ದರೆ ಅಜಾಥಯೋಪ್ರಿನ್ ಅಂತ ಒಂದಿದೆ, ಆದರೆ ಅದಕ್ಕೆ ಮೇಲಿಂದ ಮೇಲೆ ಹುಬ್ಬಳ್ಳಿಗೆ ಹೋಗಿ ರಕ್ತ ತೋರಿಸಬೇಕು.

"ಈಗ ಈ ಬಿಳಿ ಗುಳಿಗಿ ತಗೋರಿ" ಎಂದರು. "ಮೈ ತಾನ ತಯಾರ ಮಾಡೂ ರಸದಂಗ ಇದು. ಹೊರಗಿಂದ ಕೊಟ್ರ ಒಳಗಿಂದು ಮಲಗಿ ಬಿಡತೈತಿ. ಅದಕ್ಕ ನಾ ಹೇಳೂ ತನಕ ಯಾರೂ ಒಮ್ಮಿಗೇ ಬಿಡಿಸಬ್ಯಾಡ್ರಿ. ಜೀವಕ್ಕ ಬರತೈತಿ. ಹಸಿವಿ ಹೆಚ್ಚಾಗತೈತಿ, ನಿದ್ದಿ ಕಡಿಮಿ ಆಗತೈತಿ. ಮಾರಿ ದುಂಡಗ ಆಗತೈತಿ. ಹೆದರಬ್ಯಾಡ್ರಿ."

ಕಿವಿಯ ಉರಿ ಅಂದುಕೊಂಡದ್ದಕ್ಕಿಂತ ಬೇಗ ಆರಿತು. ಸಂಗವ್ವ ಮಗ್ಗುಲಾಗಿ ಮಲಗುವಂತಾದಳು. ಗಂಟಲ ನೋವು ಹೋಯಿತು, ದನಿ ಮಾತ್ರ ಹಾಗೆಯೇ ಉಳಿಯಿತು. ಎಂದೂ ಇರದ ಹುರುಪು ಮೈಯೊಳಗೆ ಬಂತು. ನಸುಕಿಗೇ ಎದ್ದು ರೊಟ್ಟಿ ಬಡಿದು, ಗಿರಣಿ ಗುಡಿಸಿ, ಮತ್ತೂ ಕೆಲಸ ಹುಡುಕುತ್ತಿದ್ದಳು. ಎಷ್ಟು ಉಂಡರೂ ಹಸಿವು.

ಮುಖ ತುಂಬತೊಡಗಿತು. ಕೆನ್ನೆ ಉಬ್ಬಿತು, ಗದ್ದದ ಚೂಪು ಮುಚ್ಚಿತು, ಕಣ್ಣು ಸಣ್ಣವಾದವು. ಬಡಕಲು ಮುಖದ ಅಡಿಯಲ್ಲಿ ಇಷ್ಟು ದಿನ ಮರೆಯಾಗಿದ್ದ ಒಂದು ಹೋಲಿಕೆ ದಿನಕ್ಕೊಂದಿಷ್ಟು ಮೇಲೆ ಬಂತು. ಮೊದಲು ಕಂಡವಳು ಸಿದ್ದವ್ವ. ನೀರು ತುಂಬಿದ ಕೊಡ ಹೊತ್ತು ಹಿತ್ತಲಿನಿಂದ ಬಂದವಳು, ಒಲೆಯ ಬೆಳಕಿನಲ್ಲಿ ತಿರುಗಿ ನೋಡಿದ ಸೊಸೆಯನ್ನು ಕಂಡು ಕೊಡವನ್ನು ಕೈಬಿಟ್ಟಳು. ನೀರೆಲ್ಲ ನೆಲಕ್ಕೆ ಹರಿಯಿತು. ಮುದುಕಿ ಗೋಡೆಗೆ ಒರಗಿ ಎದೆಯ ಮೇಲಿನ ಲಿಂಗ ಹಿಡಿದುಕೊಂಡು ನಿಂತಳು.

"ಯಾಕ್ರಿ ಅತ್ತಿ?" ಎಂದಳು ಸಂಗವ್ವ.

ಆ ದನಿಯೂ ಸೇರಿದ ಮೇಲೆ ಸಿದ್ದವ್ವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

"ನಮ್ಮಲ್ಲಿ ಸತ್ತವರು ಲಿಂಗದಾಗ ಕೂಡ್ತಾರ, ತಿರುಗಿ ಬರಂಗಿಲ್ಲ" ಎಂದು ಆಕೆ ಆ ದಿನ ಮಗನಿಗೆ ಹತ್ತಾರು ಸಲ ಹೇಳಿದಳು. ಹೇಳಿಕೊಂಡದ್ದು ತನಗೇ. ಶಂಕ್ರಪ್ಪನಿಗೂ ಏನೋ ಆಗತೊಡಗಿತ್ತು. ಮೊದಮೊದಲು ಹೆಂಡತಿಯ ಮುಖ ನೋಡದೆ ತಾಟಿಗೆ ಕೈ ಹಾಕುತ್ತಿದ್ದವನು ಈಗ ನೋಡಲು ಶುರು ಮಾಡಿದರೆ ಬಹಳ ಹೊತ್ತು ನೋಡುತ್ತಿದ್ದ. ಒಂದು ಮುಂಜಾನೆ ಗಿರಣಿಯಿಂದ, "ಗುರೂ, ಜರಡಿ ತಾ" ಎಂದು ಕೂಗಿದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ತಂದೆನ್ರಿ" ಎಂದು ಒಳಗಿಂದ ಉತ್ತರ ಬಂತು. ಸಂಗವ್ವ ಜರಡಿ ತಂದು ಕೊಟ್ಟಳು. ಒಳಗೆ ಹೋಗಿ ಕೂತ ಮೇಲೆಯೇ ಅವಳಿಗೆ ಹೊಳೆಯಿತು, ಕರೆದದ್ದು ತನ್ನ ಹೆಸರಲ್ಲ ಎಂದು. ಆದರೂ ತಾನು ಏಳುವಾಗ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ.

ಅದಾದ ಕೆಲವು ದಿನಕ್ಕೆ ನೀಲಾ ಬಂದಳು.

ಸಂಗವ್ವ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹುಡುಗಿ ಸಾಲಿಯಿಂದ ಬಂದು ಪಾಟಿಚೀಲ ಇಳಿಸಿ, ಎದುರಿಗೆ ಕೂತು, ಎರಡೂ ಅಂಗೈಯಿಂದ ಅವಳ ಕೆನ್ನೆ ಒತ್ತಿ ನೋಡಿತು. ಒಂದು ಕಡೆ ಒತ್ತಿತು, ಇನ್ನೊಂದು ಕಡೆ ಒತ್ತಿತು. ಮೂಗಿನ ಕುಳಿಯ ಮೇಲೆ ಬೆರಳು ಇಟ್ಟಿತು.

"ಇಲ್ಲೇನಾತು?"

"ಬ್ಯಾನಿ ಆಗಿತ್ತು."

"ಅಲ್ಲಿ ಆತೇನು? ನೀ ಹೋಗಿದ್ದಲ್ಲ, ಆ ಊರಾಗ?"

ಗುರುಲಿಂಗವ್ವ ಸತ್ತ ದಿನ ಹುಡುಗಿ ಹೆದರೀತೆಂದು ಅವಳನ್ನು ಬೇರೆ ಮನೆಯಲ್ಲಿ ಇಟ್ಟು, ಮಣ್ಣು ಮಾಡಿ ಬಂದ ಮೇಲೆ ಕರೆತಂದಿದ್ದರು. ಅವ್ವ ಎಲ್ಲಿ ಅಂದರೆ, ಊರಿಗೆ ಹೋಗ್ಯಾಳ ಎಂದು ಸಿದ್ದವ್ವ ಹೇಳಿದ್ದಳು. ಅದನ್ನು ತಿದ್ದಿ ಹೇಳುವ ಧೈರ್ಯ ಆಮೇಲೆ ಯಾರಿಗೂ ಬಂದಿರಲಿಲ್ಲ.

ಸಂಗವ್ವನ ಬಾಯಿಂದ ನಿಜ ಹೊರಡಬೇಕಿತ್ತು. ಹೊರಡಲಿಲ್ಲ. "ಹೂಂ, ಅಲ್ಲೇ ಆತು" ಎಂದಳು.

"ಅವ್ವಾ" ಎಂದಳು ನೀಲಾ, ಪರೀಕ್ಷೆ ಮಾಡುವವಳ ಹಾಗೆ ಮೆಲ್ಲಗೆ. ಆಮೇಲೆ ಅವಳ ಮಡಿಲಲ್ಲಿ ತಲೆ ಇಟ್ಟು ಅಲ್ಲೇ ನಿದ್ದೆ ಹೋದಳು. ಅವರೆಕಾಯಿಯ ಸಿಪ್ಪೆಯೆಲ್ಲ ಅವಳ ಕೂದಲಿಗೆ ಅಂಟಿತು. ಕಾಲು ಜೋಮು ಹಿಡಿದರೂ ಸಂಗವ್ವ ಅಲುಗಾಡಲಿಲ್ಲ.

ಮುಂದಿನ ಸಲ ಬಾಗಲಕೋಟೆಗೆ ಹೋದಾಗ ಜೋಹರಾ ಅವರು ತೂಕ ನೋಡಿದರು, ರಕ್ತದೊತ್ತಡ ನೋಡಿದರು, ತೊಡೆಯ ಮೇಲಿನ ಹಸಿರುಗಟ್ಟಿದ ಕಲೆಗಳನ್ನು ನೋಡಿದರು. "ಇನ್ನ ಇಳಸಬೇಕು. ಹಿಂಗ ಬಿಟ್ರ ಎಲುಬು ಪೊಳ್ಳು ಆಗತಾವ, ಸಕ್ಕರಿ ಬ್ಯಾನಿ ಬರತೈತಿ, ಕಣ್ಣಿಗೆ ಪೊರಿ ಬರತೈತಿ" ಎಂದರು. ಹೊಸ ಗುಳಿಗೆಯ ಬಗ್ಗೆ ಏನೂ ಮುಚ್ಚಿಡಲಿಲ್ಲ. "ಡ್ಯಾಪ್ಸೋನ್ ಕುಷ್ಠಕ್ಕ ಕೊಡೂ ಗುಳಿಗೀನ ಹೌದು. ನಿಮಗ ಕೊಡೂದು ಬ್ಯಾರೆ ಕಾರಣಕ್ಕ. ಮಂದಿ ಕೇಳಿದ್ರ ನನ್ನ ಹೆಸರ ಹೇಳ್ರಿ."

ಬಸ್ಸಿನಲ್ಲಿ ತಿರುಗಿ ಬರುವಾಗ ಶಂಕ್ರಪ್ಪ, "ಮಂದಿ ಹಿಟ್ಟು ಬೀಸೂ ಮನಿ ನಮ್ಮದು. ಅದ ಗುಳಿಗಿ ಅಂತ ಗೊತ್ತಾದ್ರ ಯಾರು ಬರತಾರ?" ಎಂದ. ಸಂಗವ್ವ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಅಮೀನಗಡ ದಾಟಿದ ಮೇಲೆ ರಸ್ತೆಯ ಬದಿಗೇ ಅವರ ಹೊಲ. ಬೇವಿನ ಗಿಡದ ಕೆಳಗೆ ಗುರುಲಿಂಗವ್ವನನ್ನು ಮಣ್ಣು ಮಾಡಿದ ಗದ್ದುಗೆ. ಬಸ್ಸು ಅದನ್ನು ದಾಟುವಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಕ್ಕ ನೋಡಿದರೆ ತನ್ನ ಮುಖ ಗುರುತು ಹಿಡಿದಾಳೆಂಬ ಹೆದರಿಕೆ.

ಗಂಡನ ಚಿಂತೆ ಗಿರಣಿಯದು, ಅವಳದು ಬೇರೆ. ಹೊಸ ಗುಳಿಗೆಯ ಪೊಟ್ಟಣವನ್ನು ಅವಳು ಉಪ್ಪಿನ ಗಡಿಗೆಯ ಹಿಂದೆ ಇಟ್ಟು ಮರೆತಂತೆ ಮಾಡಿದಳು. ಬಿಳಿ ಗುಳಿಗೆಯನ್ನು ಇಳಿಸುವ ಬದಲು ಏರಿಸಿದಳು. ಸಾಲದ್ದಕ್ಕೆ ಇಳಕಲ್ಲಿಗೆ ಸೀರೆ ನೋಡಲು ಹೋಗುತ್ತೇನೆಂದು ಹೋಗಿ, ಅಲ್ಲಿಯ ಔಷಧಿ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ತಂದಳು. ಹುಡುಗಿ ಈಗ ಅವಳ ಕೈಯಿಂದಲೇ ಉಣ್ಣುತ್ತಿತ್ತು. ದಿನಾ ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಕೆನ್ನೆ ಒತ್ತಿ ನೋಡಿ, ಇದೆ ಎಂದು ಖಾತ್ರಿ ಮಾಡಿಕೊಂಡು ಏಳುತ್ತಿತ್ತು.

ನಿದ್ದೆ ಪೂರ್ತಿ ಹೋಯಿತು. ಸಂಗವ್ವನ ಕೈಗಳು ಅವಳಿಗೆ ಗೊತ್ತಿಲ್ಲದ ಕೆಲಸ ಮಾಡತೊಡಗಿದವು. ಎಂದೂ ಕಲಿಯದ ರೀತಿಯಲ್ಲಿ, ಅಕ್ಕ ಮಾಡುವ ಹಾಗೆ, ಸೆರಗಿನ ಚುಂಗನ್ನು ಎಡಕ್ಕೆ ಸಿಗಿಸಿದಳು. ಕನ್ನಡಿಯಲ್ಲಿ ಕಂಡವಳು ಅವಳಿಗಿಂತ ಒಂದು ಕ್ಷಣ ಮೊದಲೇ ಕಣ್ಣು ಮಿಟುಕಿಸಿದಳು ಅನ್ನಿಸಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು.

ಒಂದು ಸೋಮವಾರ ಗಿರಣಿಯ ಗದ್ದಲದ ನಡುವೆ ಹಿಟ್ಟು ತುಂಬುತ್ತಿದ್ದಾಗ, ಸಾಲಿನ ಕೊನೆಯಲ್ಲಿ ಕೂತ ಹೆಂಗಸು ಕಂಡಳು. ಮುಖ, ಹುಬ್ಬು, ರೆಪ್ಪೆ ಎಲ್ಲಕ್ಕೂ ಹಿಟ್ಟಿನ ಧೂಳು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಏನ ಬೀಸಬೇಕವ್ವ?" ಎಂದು ಸಂಗವ್ವ ಕೇಳಿದಳು.

"ಬೀಸಾಕ ಏನೂ ತಂದಿಲ್ಲ" ಎಂದಳು ಆಕೆ. ಗಿರಣಿಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದು, ಈ ಮಾತು ಮಾತ್ರ ಕಿವಿಯ ಹತ್ತಿರವೇ ಆಡಿದಂತೆ ಕೇಳಿತು. ಅವಳದೇ ದನಿ. ಅಥವಾ ಅಕ್ಕನದು. "ನನ್ನ ಮಾರಿ ಹಾಕ್ಕೊಂಡು ಕುಂತೀಯಲ್ಲ, ನಾ ಎಲ್ಲಿ ಹೋಗಲಿ ಸಂಗಿ?"

ಸಂಗವ್ವ ಹಿಟ್ಟಿನ ಡಬ್ಬಿ ಚೆಲ್ಲಿದಳು. "ಯಾರ ಜೋಡಿ ಮಾತಾಡಾಕತ್ತಿ?" ಎಂದು ಶಂಕ್ರಪ್ಪ ಓಡಿ ಬಂದ. ಸಾಲಿನ ಕೊನೆಯಲ್ಲಿ ಗೋಡೆ ಮಾತ್ರ ಇತ್ತು. ಡಬ್ಬಿ ತಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಬೀಸಿದ ಹಿಟ್ಟನ್ನೂ ಬಿಟ್ಟು ಹೋದವರಿದ್ದರು.

ಸಿದ್ದವ್ವ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದಳು. ಆಕೆ ಕೆಟ್ಟವಳಲ್ಲ. ಹಿರಿಯ ಸೊಸೆಯನ್ನು ಬಹಳ ಹಚ್ಚಿಕೊಂಡಿದ್ದವಳು. ಆಕೆಯ ಬುದ್ಧಿಗೆ ಒಂದು ಮಾತು ಸ್ಪಷ್ಟವಾಗಿ ಕಂಡಿತು. ಆ ಬಿಳಿ ಗುಳಿಗೆ ಬರುವ ತನಕ ಮನೆಯಲ್ಲಿ ಸಂಗವ್ವ ಇದ್ದಳು, ಗುಳಿಗೆ ಬಂದ ಮೇಲೆ ಗುರುಲಿಂಗವ್ವ ಬಂದಳು. ಗುಳಿಗೆ ಹೋದರೆ ಅವಳೂ ಹೋದಾಳು. ಮನೆಯಲ್ಲಿ ಸಿಕ್ಕ ಗುಳಿಗೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹಾಳು ಬಾವಿಗೆ ಸುರಿದು, ಮೇಲೆ ಒಂದಿಷ್ಟು ವಿಭೂತಿ ಉದುರಿಸಿದಳು. "ನಿನ್ನ ಮ್ಯಾಲ ಸಿಟ್ಟಿಲ್ಲ ನನಗ. ನೀ ಸುಖದಿಂದ ಹೋಗ ಗುರುಲಿಂಗಿ" ಎಂದು ಬಾವಿಯೊಳಗೆ ಹೇಳಿ ಬಂದಳು.

ಸಂಗವ್ವ ಗುಳಿಗೆ ಹುಡುಕಿದಳು, ಯಾರನ್ನೂ ಕೇಳಲಾರದೆ ಸುಮ್ಮನಾದಳು. ಕೇಳಿದರೆ ತಾನು ಎಷ್ಟು ನುಂಗುತ್ತಿದ್ದೆ ಎಂಬುದು ಬಯಲಾಗುತ್ತಿತ್ತು. ಮೊದಲ ದಿನ ಮೈ ಕೈ ಮುರಿದಂತಾಯಿತು. ಆಮೇಲೆ ವಾಂತಿ. ಕುಡಿದ ನೀರೂ ನಿಲ್ಲಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲು. ಉಸಿರಿನ ಜೊತೆ ಗಂಟಲಿಂದ ಸಿಳ್ಳೆಯಂಥ ಸದ್ದು ಬರತೊಡಗಿದಾಗ ನೀಲಾ ಓಡಿಹೋಗಿ ಅಪ್ಪನ ಕೈ ಹಿಡಿದು ಎಳೆದಳು.

"ಅವ್ವ ಮತ್ತ ಹೊಂಟಾಳ. ತಡೀರಿ ಅಕಿನ್ನ."

ಅಹ್ಮದಸಾಬ ಎಂಬ ಪರಿಚಯದವನ ಹತ್ತಿ ಲಾರಿ ಬಾಗಲಕೋಟೆಗೆ ಹೊರಟಿತ್ತು. ಅದರ ಮುಂದಿನ ಸೀಟಿನಲ್ಲಿ ಅವಳನ್ನು ಒರಗಿಸಿಕೊಂಡು ಶಂಕ್ರಪ್ಪ ಕೂತ. ಹೊರಡುವಾಗ ಸಿದ್ದವ್ವ ಲಾರಿಯ ಬಾಗಿಲು ಹಿಡಿದು, ಬಾವಿಗೆ ಸುರಿದದ್ದನ್ನು ಹೇಳಿದಳು. ಹೇಳದೆ ಇದ್ದಿದ್ದರೆ ಸಂಗವ್ವ ಉಳಿಯುತ್ತಿರಲಿಲ್ಲ. ದವಾಖಾನೆಯಲ್ಲಿ ಮೊದಲ ಮಾತಿಗೇ ಶಂಕ್ರಪ್ಪ, "ಗುಳಿಗಿ ಒಮ್ಮಿಗೇ ನಿಂತಾವ್ರಿ ಡಾಕ್ಟರ ಬಾಯಾರ" ಎಂದ. ಜೋಹರಾ ಅವರು ಇನ್ನೇನೂ ಕೇಳದೆ ಆ ಗುಳಿಗೆಯ ರಸದ್ದೇ ಸೂಜಿಯನ್ನು ನರಕ್ಕೆ ಕೊಟ್ಟು ಸಲೈನ್ ಹಚ್ಚಿದರು. ಸಂಜೆಯ ಹೊತ್ತಿಗೆ ಸಿಳ್ಳೆ ನಿಂತಿತು.

ಎರಡು ದಿನ ಬಿಟ್ಟು, ಗಂಡ ಚಹಾ ತರಲು ಹೋದಾಗ, ಸಂಗವ್ವ ಡಾಕ್ಟರ ಕೈ ಹಿಡಿದು ಎಲ್ಲ ಹೇಳಿದಳು. ಇಳಕಲ್ಲಿನ ಅಂಗಡಿ, ಉಪ್ಪಿನ ಗಡಿಗೆ, ಹಿಟ್ಟು ಮೆತ್ತಿದ ಹೆಂಗಸು.

"ಆ ಹೆಂಗಸು ಗುಳಿಗಿ ಹೆಚ್ಚಾಗಿದ್ದಕ್ಕ ಕಂಡಾಳ" ಎಂದರು ಜೋಹರಾ. "ಕೆಲವರಿಗೆ ತಲಿಗೆ ಏರತೈತಿ. ಕಡಿಮಿ ಆದ್ರ ಕಾಣಂಗಿಲ್ಲ."

"ಮಾರಿ ಇಳೀತೈತೇನ್ರಿ?"

"ಇಳೀತೈತಿ."

"ಹಂಗಾದ್ರ ಹುಡುಗಿ ಬಿಟ್ಟು ಹೋಗತೈತ್ರಿ ನನ್ನ."

"ಹೋಗಬಹುದು" ಎಂದರು ಡಾಕ್ಟರು. "ಅದಕ್ಕ ನನ್ನ ಕಡೆ ಔಷಧ ಇಲ್ಲ. ಆದ್ರ ನೀವು ಹಿಂಗ ನುಂಗಿದ್ರ ಅದು ಇನ್ನೊಮ್ಮಿ ತಾಯಿ ಇಲ್ಲದಂಗ ಆಗತೈತಿ. ಆವಾಗ ಏನ್ ಹೇಳತೀರಿ ಅದಕ್ಕ? ಮತ್ತ ಊರಿಗೆ ಹೋಗ್ಯಾಳ ಅಂತೀರೇನು?"

ಸಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ಕೂತಳು. ಆಮೇಲೆ, "ಆ ಇನ್ನೊಂದು ಗುಳಿಗಿ ಚಾಲೂ ಮಾಡ್ರಿ" ಎಂದಳು.

ಡ್ಯಾಪ್ಸೋನ್ ಕೆಲಸ ಮಾಡಿತು. ರಕ್ತ ತುಸು ತೆಳುವಾಯಿತು, ತುಟಿ ಉಗುರುಗಳಿಗೆ ನೇರಳೆ ಹಣ್ಣು ತಿಂದವರ ಹಾಗೆ ನೀಲಿ ಛಾಯೆ ಬಂತು, ಅದೂ ಡಾಕ್ಟರು ಮೊದಲೇ ಹೇಳಿದ್ದೇ. ಕಿವಿ ಮತ್ತೆ ಕೆಂಪಾಗಲಿಲ್ಲ. ಬಿಳಿ ಗುಳಿಗೆಯನ್ನು ಚೂರು ಚೂರೇ ಇಳಿಸುತ್ತ ಬಂದರು. ಊರಿಗೆ ಸುದ್ದಿ ಹೇಗೋ ಬಿತ್ತು. ಕುಷ್ಠದ ಗುಳಿಗೆ ನುಂಗುತ್ತಾಳಂತೆ ಎಂದು ಅರ್ಧ ಓಣಿ ಬೇರೆ ಗಿರಣಿಗೆ ಹೋಯಿತು. ಶಂಕ್ರಪ್ಪ ಮುಚ್ಚಿಡಲು ಹೋಗಲಿಲ್ಲ, ಬಂದವರಿಗೆ ಡಾಕ್ಟರು ಹೇಳಿದ್ದನ್ನೇ ಹೇಳಿದ. ನಂಬಿದವರು ನಂಬಿದರು. ಹುಚ್ಚವ್ವ ಮಾತ್ರ ಒಂದು ದಿನವೂ ತಪ್ಪಿಸದೆ ಬಂದು, "ನನಗ ಇನ್ನೇನ ಅಂಟೀತು, ಬೀಸಲೇ" ಎಂದು ಕೂಡುತ್ತಿದ್ದಳು.

ಮನೆಯೊಳಗೆ ಮುಖ ಇಳಿಯುತ್ತಿತ್ತು. ನೀಲಾ ದಿನಾ ಕೆನ್ನೆ ಒತ್ತಿ ನೋಡುತ್ತಿದ್ದಳು. ಒತ್ತಿದ ಬೆರಳಿಗೆ ದಿನಾ ಕಡಿಮೆ ಸಿಗುತ್ತಿತ್ತು. ಒಂದು ಮುಂಜಾನೆ ಕೈ ತೆಗೆಯದೆ, ಸಂಗವ್ವನನ್ನಲ್ಲ, ಆ ಕೆನ್ನೆಯನ್ನೇ ಕೇಳಿದಳು.

"ಎಲ್ಲಿಗೆ ಹೊಂಟಿ?"

ಈ ಸಲ ಸಂಗವ್ವ ಸುಳ್ಳು ಹೇಳಲಿಲ್ಲ.

"ನಿಮ್ಮವ್ವ ಸತ್ತಾಳ ನೀಲಾ. ನೀ ಬ್ಯಾರೆ ಮನ್ಯಾಗ ಇದ್ದಾಗನ ಸತ್ತಾಳ. ನಾ ನಿನ್ನ ಚಿಗವ್ವ. ಗುಳಿಗಿಯಿಂದ ನನ್ನ ಮಾರಿ ಅಕಿನಂಗ ಆಗಿತ್ತು. ಈಗ ಅದು ಹೊಂಟೈತಿ."

ಹುಡುಗಿ ಅಳಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಎಷ್ಟೋ ದಿನ ಹತ್ತಿರ ಬರಲಿಲ್ಲ. ಬಂದರೂ ಬೆನ್ನು ತಿರುಗಿಸಿ ಕೂಡುತ್ತಿದ್ದಳು. "ಏನರ ಮಾತಾಡು" ಅನ್ನುತ್ತಿದ್ದಳು. ಗಂಟಲು ಮೊದಲಿನಂತೆ ಆಗಿರಲಿಲ್ಲ, ಆಗುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಸಂಗವ್ವ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು, ಜೋಳದ ಸುದ್ದಿ, ಬೆಕ್ಕಿನ ಸುದ್ದಿ. ಹುಡುಗಿ ಗೋಡೆ ನೋಡುತ್ತ, ಕಣ್ಣು ಮುಚ್ಚಿ, ಆ ದನಿಯನ್ನಷ್ಟೇ ಕೇಳುತ್ತಿದ್ದಳು. ಸಿದ್ದವ್ವ ಆ ಹೊತ್ತಿನಲ್ಲಿ ಅಲ್ಲಿಂದ ಎದ್ದು ಹೋಗುತ್ತಿದ್ದಳು. ತನ್ನ ಬೆನ್ನ ಹಿಂದೆ ಸತ್ತ ತಾಯಿ ಕೂತಿದ್ದಾಳೆಂದು ಹುಡುಗಿ ಅಂದುಕೊಳ್ಳುತ್ತಿರುವುದು ಸಂಗವ್ವನಿಗೆ ಗೊತ್ತಿತ್ತು. ತಿರುಗಿ ನೋಡು ಎಂದು ಅವಳು ಒಮ್ಮೆಯೂ ಹೇಳಲಿಲ್ಲ.

ಎಳ್ಳಮಾಸಿಯ ದಿನ ಹೊಲಕ್ಕೆ ಹೋದಾಗ ಅವಳೇ ಹುಡುಗಿಯನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದಳು. ನೀಲಾ ಗದ್ದುಗೆಯ ಸುತ್ತ ಒಂದು ಸಲ ತಿರುಗಿ ಬಂದು, "ಇದರಾಗ ಕುಂತಾಳೇನು?" ಎಂದಳು.

"ಕುಂತಾಳ."

"ಅಕಿ ಮಾರಿ ಅಕಿಗೆ ಹೋತೇನು?"

"ಹೋತು" ಎಂದಳು ಸಂಗವ್ವ.

ಹುಡುಗಿ ತನ್ನ ಪಾಲಿನ ಸಜ್ಜೆ ರೊಟ್ಟಿಯನ್ನು ಅಲ್ಲಿಟ್ಟು ಬಂದಳು. ತಿರುಗಿ ಬರುವಾಗ ಕೈ ಹಿಡಿಯಲಿಲ್ಲ, ಮುಂದೆ ಮುಂದೆ ನಡೆದಳು.

ಆಮೇಲಿನ ವರ್ಷಗಳಲ್ಲಿ ಜೋಹರಾ ಅವರು ಬಿಳಿ ಗುಳಿಗೆಯನ್ನು ಪೂರ್ತಿ ನಿಲ್ಲಿಸಿದರು. ಕಿವಿಗಳು ಸೊರಗಿ ಮುದುಡಿದವು. ಮೂಗು ಕುಸಿದದ್ದು ಏಳಲಿಲ್ಲ. ಸಂಗವ್ವನಿಗೆ ಉಳಿದ ಮುಖ ಅಕ್ಕನದೂ ಅಲ್ಲ, ಕೆರೂರಿನಿಂದ ಬಂದ ಹುಡುಗಿಯದೂ ಅಲ್ಲ. ಅದು ಮೂರನೆಯದೊಂದು, ಆ ಮನೆಯಲ್ಲಿ ಯಾರೂ ಮೊದಲು ನೋಡಿರದ ಮುಖ. ಶಂಕ್ರಪ್ಪ ಅದಕ್ಕೆ ನಿಧಾನಕ್ಕೆ ಒಗ್ಗಿಕೊಂಡ. ಅವಳ ಹೆಸರು ತಪ್ಪಿ ಕರೆಯುವುದು ನಿಂತಿತು.

ಕಣ್ಣಿಗೆ ಪೊರೆ ಬಂದು ತೆಗೆಸಿದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಟ್ಟರು. ದಂಡೆಯಿಲ್ಲದ ಮೂಗಿನ ಮೇಲೆ ಅದು ನಿಲ್ಲುತ್ತಿರಲಿಲ್ಲ, ಮುದುಡಿದ ಕಿವಿ ಅದರ ಕಡ್ಡಿಯನ್ನು ಹಿಡಿಯುತ್ತಿರಲಿಲ್ಲ. ಆಗ ನೀಲಾ ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಸಾಲಿಯಿಂದ ಬಂದವಳು ಸೀರೆಯ ದಾರ ಹೊಸೆದು ಎರಡೂ ಕಡ್ಡಿಗೆ ಕಟ್ಟಿ, ಚಿ‌ಗವ್ವನ ಎದುರಿಗೆ ಮೊಣಕಾಲೂರಿ ಕೂತು, ಕನ್ನಡಕವನ್ನು ಮುಖದ ಮೇಲೆ ಇಟ್ಟು ಸರಿ ಮಾಡಿದಳು. ಎತ್ತಿದಳು, ಇಳಿಸಿದಳು, ಆ ಕುಳಿಯಲ್ಲಿ ಹತ್ತಿಯ ಸಣ್ಣ ಮೆತ್ತೆ ಇಟ್ಟು ನೋಡಿದಳು. ಅಷ್ಟು ಹತ್ತಿರದಿಂದ ಅವಳು ಆ ಮೂರನೆಯ ಮುಖವನ್ನು ಹಿಂದೆಂದೂ ನೋಡಿರಲಿಲ್ಲ.

"ಕಾಣತೈತೇನು?"

"ಕಾಣತೈತಿ."

"ಏನ್ ಕಾಣತೈತಿ?"

"ನೀ ಕಾಣಾಕತ್ತಿ" ಎಂದಳು ಸಂಗವ್ವ, ಆ ಒಡೆದ ದನಿಯಲ್ಲಿ.

"ಅಲುಗಾಡಬ್ಯಾಡ ಚಿಗವ್ವ" ಎಂದು ನೀಲಾ ತಲೆಯ ಹಿಂದೆ ದಾರದ ಗಂಟು ಬಿಗಿ ಮಾಡಿದಳು.